ನಲವತ್ತು ದಾಟಿದ ಮೇಲೆ ಹೊಸದನ್ನು ಕಲಿಯುವುದರಿಂದ ನಮಗೆ ಸ್ವಂತವಾಗಿ ಆಗುವ ಲಾಭವೇನು?

ಉದ್ಯೋಗ, ಮನೆ, ವಿಶ್ರಾಂತಿ ಎಲ್ಲವೂ ಒಂದು ಹದಕ್ಕೆ ಬಂದಿವೆ, ಈಜನ್ನೋ ಹೊಸ ಭಾಷೆಯನ್ನೋ ಕಲಿಯುವ ಆಸೆಯಿದೆ, ಆದರೆ ಅದರಿಂದ ಹಣವಾಗಲಿ ಬಡ್ತಿಯಾಗಲಿ ಬರುವುದಿಲ್ಲವೆಂದ ಮೇಲೆ ಅಷ್ಟು ಶ್ರಮ ಏಕೆ ಪಡಬೇಕು ಎಂದು ನೀವು ಕೇಳಿದ್ದೀರಿ. ಈ ವಯಸ್ಸಿನಲ್ಲಿ ತಲೆಗೆ ಹತ್ತುತ್ತದೆಯೇ ಎಂಬ ಅಳುಕನ್ನೂ ಹೇಳಿಕೊಂಡಿದ್ದೀರಿ. ಲಾಭ ಖಂಡಿತ ಇದೆ. ಅದರ ಬಹುಪಾಲು, ಆ ವಿದ್ಯೆಯಲ್ಲಿ ನೀವು ಎಷ್ಟು ಪಳಗುತ್ತೀರಿ ಎಂಬುದಕ್ಕಿಂತ, ಬಾರದ ಕೆಲಸದ ಎದುರು ಎಷ್ಟು ಕಾಲ ತಾಳ್ಮೆಯಿಂದ ನಿಲ್ಲುತ್ತೀರಿ ಎಂಬುದರಿಂದ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ವಯಸ್ಸಿನ ಮಾತು. ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತ ಯುವಜನರ ಮಿದುಳಿನಲ್ಲಿ, ಚಲನೆಯನ್ನು ಗ್ರಹಿಸುವ ಭಾಗದ ಬೂದು ದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಅಂಗಾಂಶ, ಹೆಚ್ಚಿದ್ದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅಭ್ಯಾಸ ನಿಲ್ಲಿಸಿದ ಮೇಲೆ ಆ ಹೆಚ್ಚಳ ಮತ್ತೆ ಇಳಿಯಿತು. 2008ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಅರವತ್ತರ ಆಸುಪಾಸಿನವರು ಅದೇ ಆಟವನ್ನು ಕಲಿತರು. ಆಟದಲ್ಲಿ ಅವರು ಯುವಜನರನ್ನು ಸರಿಗಟ್ಟಲಿಲ್ಲ, ಆದರೂ ಅವರ ಮಿದುಳಿನಲ್ಲಿಯೂ ಅಂಥದೇ ಬದಲಾವಣೆ ಕಂಡುಬಂದಿತು. 2014ರಲ್ಲಿ ಅಮೆರಿಕದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಅದರಲ್ಲಿ ಅರವತ್ತು ದಾಟಿದ ಕೆಲವರು ಡಿಜಿಟಲ್ ಛಾಯಾಗ್ರಹಣವನ್ನೋ ಕೌದಿ ಹೊಲಿಗೆಯನ್ನೋ ವಾರಕ್ಕೆ ಸುಮಾರು 15 ಗಂಟೆಗಳಂತೆ ಮೂರು ತಿಂಗಳು ಕಲಿತರೆ, ಮತ್ತೊಂದು ಗುಂಪು ಅಷ್ಟೇ ಹೊತ್ತು ಜೊತೆಗೂಡಿ ಮಾತುಕತೆ, ಆಟ, ವಿಹಾರಗಳಲ್ಲಿ ಕಳೆಯಿತು. ಜ್ಞಾಪಕಶಕ್ತಿಯಲ್ಲಿ ಸುಧಾರಣೆ ಕಂಡದ್ದು ಕಷ್ಟಪಟ್ಟು ಹೊಸ ವಿದ್ಯೆ ಕಲಿತವರಲ್ಲಿ. ಆದ್ದರಿಂದ ಹೊಸತನವೊಂದೇ ಸಾಲದು, ಅದು ನಮ್ಮನ್ನು ಸ್ವಲ್ಪ ತಿಣುಕಾಡಿಸಬೇಕು ಎಂದು ನಾನು ಭಾವಿಸುತ್ತೇನೆ.

ನಾನು ಚಿತ್ರ ಬಿಡಿಸಲು ಆರಂಭಿಸಿದ್ದು ನಡುವಯಸ್ಸಿನಲ್ಲಿ. ಮೇಜಿನ ಮೇಲಿರುವ ಒಂದು ಸಾಧಾರಣ ಕಪ್ಪನ್ನು ಬಿಡಿಸಲು ಕುಳಿತರೆ, ಅದರ ಬಾಯಿ ದುಂಡಗಿದೆ ಎಂದು ಬುದ್ಧಿಗೆ ಮೊದಲೇ ಗೊತ್ತಿರುವುದರಿಂದ ಕೈ ತಾನಾಗಿಯೇ ದುಂಡನೆಯ ಗೆರೆ ಎಳೆಯುತ್ತದೆ. ಕುಳಿತಲ್ಲಿಂದ ಕಣ್ಣಿಗೆ ನಿಜವಾಗಿ ಕಾಣುತ್ತಿರುವುದು ಮಾತ್ರ ಚಪ್ಪಟೆಯಾದ ಅಂಡಾಕಾರ. ಕಪ್ಪಿನ ತಳದ ಅಂಚು, ಕಣ್ಣಿನ ಮಟ್ಟದಿಂದ ಇನ್ನಷ್ಟು ಕೆಳಗಿರುವ ಕಾರಣ, ಬಾಯಿಗಿಂತ ಹೆಚ್ಚು ಬಾಗಿದಂತೆ ಕಾಣುತ್ತದೆ. ಹಿಡಿಕೆಯನ್ನು ಸರಿಯಾಗಿ ಮೂಡಿಸಬೇಕಾದರೆ ಹಿಡಿಕೆಯನ್ನೇ ದಿಟ್ಟಿಸದೆ, ಅದಕ್ಕೂ ಕಪ್ಪಿಗೂ ನಡುವೆ ಉಳಿದಿರುವ ಖಾಲಿ ಜಾಗದ ಆಕಾರವನ್ನು ಬಿಡಿಸುವುದು ಸುಲಭ. ಇಷ್ಟನ್ನು ಕೈಗೆ ಒಗ್ಗಿಸಿಕೊಳ್ಳುವ ಹೊತ್ತಿಗೆ, ನಾನು ನೋಡಿದ್ದು ಯಾವುದು, ಊಹಿಸಿಕೊಂಡದ್ದು ಯಾವುದು ಎಂದು ಕೇಳಿಕೊಳ್ಳುವ ಅಭ್ಯಾಸ ನನ್ನಲ್ಲಿ ಬೇರೂರಿತ್ತು. ಕಚೇರಿಯಲ್ಲಿ ಯಾರಾದರೂ ಒಂದು ತೊಂದರೆಯನ್ನು ಹೇಳಿಕೊಳ್ಳಲು ಬಂದಾಗ, ಅವರ ಮಾತು ಮುಗಿಯುವ ಮೊದಲೇ ಪರಿಹಾರವನ್ನು ಊಹಿಸದೆ ಪೂರ್ತಿಯಾಗಿ ಕೇಳಿಸಿಕೊಳ್ಳುವುದು ಈಗ ನನಗೆ ಸಾಧ್ಯವಾಗುತ್ತಿದೆ. ನನ್ನ ಚಿತ್ರಗಳು ಇಂದಿಗೂ ಸಾಧಾರಣವೇ, ಆದರೆ ಈ ಗಳಿಕೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಆತ್ಮವಿಶ್ವಾಸದ ವಿಷಯವೂ ಇದಕ್ಕೆ ಸೇರಿದ್ದು. ‘ನಿನ್ನಿಂದ ಆಗುತ್ತದೆ’ ಎಂದು ಇತರರು ಎಷ್ಟು ಹುರಿದುಂಬಿಸಿದರೂ, ತಾನೇ ಮಾಡಿ ಸಾಧಿಸಿದ ಅನುಭವ ಕೊಡುವಷ್ಟು ಧೈರ್ಯವನ್ನು ಆ ಮಾತು ಕೊಡಲಾರದು ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಷ್ಟು ಹಿಂದೆಯೇ ವಾದಿಸಿದ್ದರು. ವೃತ್ತಿಯಲ್ಲಿ ನುರಿತವರಿಗೆ ಇಂಥ ಅನುಭವ ವರ್ಷಗಟ್ಟಲೆ ಸಿಗದೇ ಹೋಗಬಹುದು, ಏಕೆಂದರೆ ಅವರು ದಿನವೂ ಮಾಡುವುದು ಈಗಾಗಲೇ ಬರುವ ಕೆಲಸವನ್ನೇ. ಹೀಗಿರುವಾಗ ತಂತ್ರಾಂಶ ಬದಲಾದರೂ, ಜವಾಬ್ದಾರಿ ಬದಲಾದರೂ ಎದೆ ಝಲ್ಲೆನ್ನುತ್ತದೆ. ಆರಂಭದ ತಡವರಿಕೆ ದಾಟಿ ಹೋಗುವಂಥದು ಎಂಬುದನ್ನು ಇತ್ತೀಚೆಗೆ ಕಂಡುಂಡವರಿಗೆ ಆ ಗಾಬರಿ ಅಷ್ಟಾಗಿ ತಟ್ಟುವುದಿಲ್ಲ.

ಕೆಲವು ಪ್ರಯತ್ನಗಳು ನಮಗೆ ಒಗ್ಗುವುದಿಲ್ಲ ಎಂಬುದು ಗೊತ್ತಾಗುವುದೂ ಲಾಭವೇ. ಬಹುಕಾಲದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಆಸೆಯೊಂದು ಅಲ್ಲಿಗೆ ಇತ್ಯರ್ಥವಾಗುತ್ತದೆ.

ನೀವು ಹೇಳಿರುವ ಎರಡರಲ್ಲಿ, ವೈದ್ಯಕೀಯ ಅಡ್ಡಿ ಏನೂ ಇಲ್ಲದಿದ್ದರೆ, ಮೊದಲು ಈಜನ್ನು ಆರಿಸಿಕೊಳ್ಳಿ ಎಂದು ಹೇಳುತ್ತೇನೆ. ಭಾಷೆಯಲ್ಲಿ ಪ್ರಗತಿ ಕಣ್ಣಿಗೆ ಬೀಳಲು ತಿಂಗಳುಗಳು ಬೇಕು, ನೀರಿನಲ್ಲಿ ಸರಿ ತಪ್ಪುಗಳು ಆ ಕ್ಷಣದಲ್ಲೇ ದೇಹಕ್ಕೆ ತಿಳಿಯುತ್ತವೆ. ಉಸಿರಿಗಾಗಿ ತಲೆಯನ್ನು ಮೇಲಕ್ಕೆತ್ತಿದರೆ ಕಾಲುಗಳು ಮುಳುಗುತ್ತವೆ. ಮುಖವನ್ನು ನೀರಿನಲ್ಲಿಟ್ಟು ನಿಧಾನವಾಗಿ ಉಸಿರು ಬಿಟ್ಟು, ಪಕ್ಕಕ್ಕೆ ಹೊರಳಿ ಉಸಿರೆಳೆದುಕೊಂಡರೆ ದೇಹ ಮಟ್ಟವಾಗಿ ತೇಲುತ್ತದೆ. ತರಬೇತುದಾರರ ಸಮ್ಮುಖದಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು, ಮೊದಲ ಕೆಲವು ತರಗತಿಗಳನ್ನು ಈ ಉಸಿರಾಟಕ್ಕೇ ಮೀಸಲಿಡಿ. ಕೈಕಾಲು ಬಡಿಯುವುದನ್ನು ಆಮೇಲೆ ಕಲಿಯಬಹುದು.