ಬಹುಮಾನ ಪುಸ್ತಕಕ್ಕೆ, ತೀರ್ಪು ಮಕ್ಕಳದು

ಶಾಲಾ ಗ್ರಂಥಾಲಯ ನೋಡಿಕೊಳ್ಳುವ ಓದುಗರೊಬ್ಬರ ಪತ್ರದ ಸಾರ: "ಎರಡು ವರ್ಷಗಳಿಂದ ಅತಿ ಹೆಚ್ಚು ಪುಸ್ತಕ ಓದಿದ ಮಕ್ಕಳಿಗೆ ಬಹುಮಾನ ಕೊಡುತ್ತಿದ್ದೇವೆ. ಎರಡು ಸಲವೂ ಅದೇ ನಾಲ್ಕೈದು ಮಕ್ಕಳು ಗೆದ್ದರು. ಉಳಿದವರು ತೆಳು ಪುಸ್ತಕ ಹುಡುಕುತ್ತಾರೆ, ಇಲ್ಲವೇ ಲೈಬ್ರರಿ ಕಡೆ ತಲೆಯೇ ಹಾಕುವುದಿಲ್ಲ. ಈ ವರ್ಷ ಪುಸ್ತಕಕ್ಕೇ ಪ್ರಶಸ್ತಿ ಕೊಡೋಣ ಎಂದುಕೊಂಡಿದ್ದೇವೆ. ಶಿಕ್ಷಕರ ಸಮಿತಿಯೊಂದು ಒಳ್ಳೆಯ ಪುಸ್ತಕ ಆರಿಸಿದರೆ ಸಾಕೇ? ಸೇರಲು ಬಯಸಿರುವ ಮಕ್ಕಳು 40; ಪುಸ್ತಕಗಳು ಒಂದೊಂದೇ ಪ್ರತಿ. ಓದಿನ ಹಬ್ಬದ ದಿನ ಭಾಷಣ, ವೇಷ ಬಿಟ್ಟು ಬೇರೇನು ಮಾಡಬಹುದು? ಗೆಲ್ಲದ ಪುಸ್ತಕಗಳನ್ನು ಏನು ಮಾಡುವುದು?"

ಮಾನ್ಯರೇ, ನಮಸ್ಕಾರ.

ಎಣಿಕೆಯ ಬಹುಮಾನ ನಿಲ್ಲಿಸುವ ನಿಮ್ಮ ನಿರ್ಧಾರ ಸರಿ. ಅಲ್ಲಿ ಗೆಲ್ಲುವವರು ಬಹುಮಾನ ಇಲ್ಲದಿದ್ದರೂ ಓದುತ್ತಿದ್ದ ಮಕ್ಕಳೇ. ತಡವರಿಸಿ ಓದುವ ಮಗುವಿಗೆ ಎರಡನೇ ವಾರದಲ್ಲೇ ತಾನು ಸೋತಾಯಿತು ಎಂದು ಗೊತ್ತಾಗಿಬಿಡುತ್ತದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗ ಅದು. 'ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಆಮೇಲೆ ಬಿಡುವಿನಲ್ಲಿ ಬಣ್ಣದ ಪೆನ್ನು ಮುಟ್ಟುವುದು ಕಡಿಮೆಯಾಗಿತ್ತು. ಏನನ್ನೂ ನಿರೀಕ್ಷಿಸದೆ ಬಿಡಿಸಿದವರಲ್ಲಿ ಹಾಗಾಗಿರಲಿಲ್ಲ. ಅದು ಓದಿನ ಮೇಲಿನ ಪ್ರಯೋಗವಲ್ಲ, ನಿಜ. ಆದರೂ ತೆಳು ಪುಸ್ತಕ ಹುಡುಕುವ ನಿಮ್ಮ ಮಕ್ಕಳಿಗೂ ಆ ಮಕ್ಕಳಿಗೂ ಹೋಲಿಕೆ ಕಾಣದಿರದು. ಉತ್ತೇಜನ ಕೊಡಲೇಬೇಕೆನಿಸಿದರೆ ಅದು ಓದಿಗೆ ಹತ್ತಿರದ್ದಾಗಿರಲಿ: ಹೊಸ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಮನೆಗೆ ಒಯ್ಯುವ ಅವಕಾಶ, ಮುಂದಿನ ಖರೀದಿಗೆ ಒಂದು ಪುಸ್ತಕ ಸೂಚಿಸುವ ಅವಕಾಶ.

ಶಿಕ್ಷಕರ ಸಮಿತಿಯೇ ಗೆದ್ದ ಪುಸ್ತಕವನ್ನು ಆರಿಸುವುದಕ್ಕೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಹಿರಿಯರೇ ತೀರ್ಪು ಕೊಡುವ, ಮಕ್ಕಳ ಪುಸ್ತಕಗಳ ದೊಡ್ಡ ಪ್ರಶಸ್ತಿಗಳು ಬೇಕಾದಷ್ಟಿವೆ. ಅಮೆರಿಕದ ನ್ಯೂಬೆರಿ ಪದಕ 1922ರಿಂದ, ಬ್ರಿಟನ್ನಿನ ಕಾರ್ನೆಗಿ ಪದಕ 1936ರಿಂದ ನಡೆದುಬಂದಿವೆ. ಎರಡರಲ್ಲೂ ತೀರ್ಪು ಗ್ರಂಥಪಾಲಕರ ಬಳಗದ್ದು. ಅವು ಸಾಹಿತ್ಯಗುಣ ಹುಡುಕುತ್ತವೆ, ಅದು ಬೇಕಾದ ಕೆಲಸವೇ. ಇದರ ಜೊತೆಗೆ, ಮಕ್ಕಳೇ ಮತ ಹಾಕುವ ಪ್ರಶಸ್ತಿಗಳಿಗೂ ದೀರ್ಘ ಚರಿತ್ರೆಯಿದೆ. ಉತ್ತರ ಅಮೆರಿಕದ ವಾಯವ್ಯ ಭಾಗದ 'ಯಂಗ್ ರೀಡರ್ಸ್ ಚಾಯ್ಸ್' ಪ್ರಶಸ್ತಿ 1940ರಲ್ಲೇ ಶುರುವಾಯಿತು. ಕಾರ್ನೆಗಿ ಪದಕದ ಕಿರುಪಟ್ಟಿಯನ್ನು ಶಾಲೆಗಳ ಓದುಗುಂಪುಗಳು ತೀರ್ಪುಗಾರರ ಜೊತೆಜೊತೆಗೇ ಓದಿ, ಚರ್ಚಿಸಿ, ತಮ್ಮದೇ ಆಯ್ಕೆ ಹೇಳುವ ಪದ್ಧತಿಯೂ ಇದೆ. ನಿಮ್ಮ ಶಾಲೆಯಲ್ಲಿ ಕೆಲಸವನ್ನು ಹೀಗೆ ಹಂಚಿ: ಐದು ಪುಸ್ತಕಗಳ ಕಿರುಪಟ್ಟಿ ಮಾಡುವುದು ನೀವು, ಇಬ್ಬರು ಶಿಕ್ಷಕರು ಮತ್ತು ದೊಡ್ಡ ತರಗತಿಯ ನಾಲ್ಕು ಮಕ್ಕಳು. ಆ ಐದರಲ್ಲಿ ಗೆಲ್ಲುವುದು ಯಾವುದೆಂದು ಹೇಳುವುದು 40 ಮಕ್ಕಳು ಮಾತ್ರ.

ಕಿರುಪಟ್ಟಿಗೆ ಹದಿನೈದಿಪ್ಪತ್ತು ಪುಸ್ತಕಗಳಿಂದ ಶುರುಮಾಡಿ. ಕಳೆದ ಮೂರು ವರ್ಷಗಳಲ್ಲಿ ಮೊದಲ ಸಲ ಪ್ರಕಟವಾದದ್ದೇ ಆಗಬೇಕೆಂಬ ನಿಯಮ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಲ್ಲರೂ ಈಗಾಗಲೇ ಓದಿ ಮೆಚ್ಚಿದ ಹಳೆಯ ಪುಸ್ತಕ ಪಟ್ಟಿಗೆ ಬರುತ್ತದೆ, ಮತ್ತೊಂದನ್ನು ತೆರೆದೂ ನೋಡದೆ ಮಕ್ಕಳು ಅದಕ್ಕೇ ಮತ ಹಾಕುತ್ತಾರೆ. ಹೆಸರಾದ ಸರಣಿಯ ಹೊಸ ಕಂತು ಬಂದರೂ ಇದೇ ಗತಿ. ಐದೂ ಕಾದಂಬರಿಯಾಗುವುದು ಬೇಡ. ಒಂದು ಕವಿತೆಯದೋ ವಿಜ್ಞಾನದ್ದೋ ಇರಲಿ, ಒಂದು ಚಿತ್ರಕಥೆ ಇರಲಿ, ಒಂದಾದರೂ ದೊಡ್ಡ ಅಕ್ಷರದ 60–70 ಪುಟದ ಪುಸ್ತಕವಾಗಿರಲಿ. ನೀತಿ ಚೆನ್ನಾಗಿದೆ ಎಂಬುದೊಂದೇ ಕಾರಣಕ್ಕೆ ಪುಸ್ತಕ ಸೇರಿಸಬೇಡಿ. ಮಕ್ಕಳು ಅದನ್ನು ಎರಡೇ ಪುಟದಲ್ಲಿ ಕಂಡುಹಿಡಿದು ಬದಿಗಿಡುತ್ತಾರೆ, ಪಟ್ಟಿಯಲ್ಲಿ ಒಂದು ಜಾಗ ವ್ಯರ್ಥವಾಗುತ್ತದೆ. ಪ್ರತಿ ಪುಸ್ತಕವನ್ನೂ ಸಮಿತಿಯ ಇಬ್ಬರಾದರೂ ಕೊನೆಯ ಪುಟದವರೆಗೆ ಓದಿರಲೇಬೇಕು.

ಇನ್ನು ಪ್ರತಿಗಳ ಲೆಕ್ಕ. ಇಂಥ ಪ್ರಶಸ್ತಿಗಳು ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಮತ ಹಾಕಲು ಐದರಲ್ಲಿ ನಾಲ್ಕನ್ನಾದರೂ ಓದಿರಬೇಕು ಎಂದಿಟ್ಟುಕೊಳ್ಳಿ. 40 ಮಕ್ಕಳಿಗೆ ನಾಲ್ಕರಂತೆ 160 ಎರವಲು. ಒಂದು ಎರವಲಿಗೆ ಒಂದು ವಾರ. ಒಂದೊಂದೇ ಪ್ರತಿ ಇದ್ದರೆ ವಾರಕ್ಕೆ ಐದು ಎರವಲು, ಒಟ್ಟು 32 ವಾರ. ಶಾಲಾ ವರ್ಷವೇ ಮುಗಿದಿರುತ್ತದೆ. ಮೂರು ಮೂರು ಪ್ರತಿ ಇದ್ದರೆ 11 ವಾರ. ತಡವಾಗಿ ಮರಳುವ ಪುಸ್ತಕ, ಗೈರುಹಾಜರಿ, ರಜೆ ಎಲ್ಲ ಸೇರಿ ಇದಕ್ಕೆ ಕಾಲುಭಾಗ ಕೂಡಿಸಿ 14 ವಾರ ಎಂದು ಹಿಡಿಯಿರಿ. ಹಬ್ಬದ ದಿನ ಗೊತ್ತುಮಾಡಿ, ಅಲ್ಲಿಂದ 14 ವಾರ ಹಿಂದಕ್ಕೆ ಎಣಿಸಿದರೆ ಓದು ಶುರುವಾಗಬೇಕಾದ ದಿನ ಸಿಗುತ್ತದೆ. ಕಿರುಪಟ್ಟಿಯ ಕೆಲಸಕ್ಕೆ ಅದಕ್ಕೂ ಹಿಂದೆ ಒಂದು ತಿಂಗಳು ಬೇಕು.

ಎಲ್ಲ ಪುಸ್ತಕಕ್ಕೂ ಒಂದೇ ಸಂಖ್ಯೆಯ ಪ್ರತಿ ತರಿಸುವುದು ಇನ್ನೊಂದು ತಪ್ಪು. 250 ಪುಟದ ಕಾದಂಬರಿಯನ್ನು ಮಗು ಒಂದು ವಾರದಲ್ಲಿ ಮುಗಿಸಲಾರದು, ಎರಡು ವಾರ ಬೇಕು. 160 ಎರವಲನ್ನು ಐದು ಪುಸ್ತಕಗಳಿಗೆ ಹಂಚಿದರೆ ಒಂದೊಂದಕ್ಕೆ 32 ಓದುಗರು; ಮೂರು ಪ್ರತಿಯಿದ್ದರೆ ಆ 32 ಮಕ್ಕಳು ಓದಿ ಮುಗಿಸಲು 21 ವಾರಕ್ಕೂ ಹೆಚ್ಚಾಗುತ್ತದೆ. ಐದು ಪ್ರತಿಯಿದ್ದರೆ 13 ವಾರ. ಅದೇ 64 ಪುಟದ ಪುಸ್ತಕ ವಾರದಲ್ಲಿ ಎರಡು ಕೈ ಬದಲಾಯಿಸುತ್ತದೆ, ಎರಡೇ ಪ್ರತಿ ಸಾಕು. ಅಷ್ಟೂ ಕೊಳ್ಳುವುದು ಸಾಧ್ಯವಿಲ್ಲವೆಂದರೆ ಮಕ್ಕಳ ಸಂಖ್ಯೆಯನ್ನು 20ಕ್ಕೆ ಇಳಿಸುವುದಕ್ಕಿಂತ, ಪಟ್ಟಿಯ ದಪ್ಪ ಪುಸ್ತಕವನ್ನು ಲೈಬ್ರರಿ ಪೀರಿಯಡ್‌ನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿಹೇಳುವುದು ಮೇಲು. ಕೇಳಿದ್ದನ್ನೂ ಓದಿದ್ದೆಂದೇ ಎಣಿಸಿ. ತಡವರಿಸಿ ಓದುವ ಮಕ್ಕಳು ತೀರ್ಪಿನಲ್ಲಿ ಪಾಲುಗೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಓದಿದ್ದಾರೆಯೇ ಎಂದು ತಿಳಿಯಲು ಪರೀಕ್ಷೆ ಇಡಬೇಡಿ, ರಸಪ್ರಶ್ನೆಯೂ ಬೇಡ. ಮಗುವಿಗೊಂದು ಕಾರ್ಡ್ ಕೊಡಿ, ಪುಸ್ತಕ ಮರಳಿಸುವಾಗ ಎರಡು ನಿಮಿಷ ಮಾತಾಡಿ ಕಾರ್ಡಿಗೆ ಮೊಹರು ಒತ್ತಿ. 'ಎಲ್ಲಿ ನಿಲ್ಲಿಸಿ ಮತ್ತೆ ಓದಿದೆ?' ಎಂಬ ಒಂದು ಪ್ರಶ್ನೆ ಸಾಕು. ಓದದ ಮಗುವಿಗೆ ಅದಕ್ಕೆ ಉತ್ತರ ಹೊಳೆಯುವುದಿಲ್ಲ. ಇಷ್ಟವಾಗಲಿಲ್ಲವೆಂದು ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಒಂದು ಗುರುತು ಇರಲಿ. 50 ಪುಟ ಓದಿ ಬಿಟ್ಟಿದ್ದರೆ ಅದನ್ನು ಓದಿದ ಲೆಕ್ಕಕ್ಕೇ ಸೇರಿಸಿ, ಏಕೆಂದರೆ ಬಿಟ್ಟುಬಿಡುವುದೂ ಒಂದು ಅಭಿಪ್ರಾಯ.

ಮತದಾನಕ್ಕೆ ಮುಂಚೆ ಪ್ರತಿ ಪುಸ್ತಕಕ್ಕೂ ಒಂದು ಚರ್ಚೆ ಬೇಕೇಬೇಕು. 'ಚೆನ್ನಾಗಿದೆ' ಎನ್ನುವಲ್ಲಿಗೆ ಮಕ್ಕಳ ಮಾತು ನಿಲ್ಲುವುದು ಅವರಿಗೆ ಹೇಳಲು ಏನೂ ಇಲ್ಲವೆಂದಲ್ಲ, ಹಿಡಿದುಕೊಳ್ಳಲು ಕೊಕ್ಕೆಯಿಲ್ಲವೆಂದು. ಇಂಗ್ಲೆಂಡಿನ ಲೇಖಕ, ಶಿಕ್ಷಕ ಏಡನ್ ಚೇಂಬರ್ಸ್ ನಾಲ್ಕು ಕಾಲಮ್ಮುಗಳ ಸರಳ ವಿಧಾನವೊಂದನ್ನು ರೂಪಿಸಿದ್ದಾರೆ: ಇಷ್ಟವಾದದ್ದು, ಇಷ್ಟವಾಗದ್ದು, ಅರ್ಥವಾಗದೆ ಕಾಡಿದ್ದು, ಮತ್ತೆ ಮತ್ತೆ ಬಂದದ್ದು. ಬೋರ್ಡಿನ ಮೇಲೆ ಈ ನಾಲ್ಕನ್ನು ಬರೆದು ಮಕ್ಕಳು ಹೇಳಿದ್ದನ್ನು ಅವರದೇ ಮಾತಿನಲ್ಲಿ ತುಂಬುತ್ತ ಹೋಗಿ. ಹೆಚ್ಚು ಮಾತು ಹುಟ್ಟುವುದು ಮೂರನೆಯದರಲ್ಲಿ. ಒಬ್ಬರ ಗೊಂದಲಕ್ಕೆ ಇನ್ನೊಬ್ಬರು ಪುಟ ತೆರೆದು ಉತ್ತರ ಹುಡುಕುತ್ತಾರೆ. ಕಥೆ ಹೇಳಿಸುತ್ತ ಸಮಯ ಕಳೆಯಬೇಡಿ, ಎಲ್ಲರೂ ಓದಿಯೇ ಬಂದಿರುತ್ತಾರೆ. ಗುಂಪಿನಲ್ಲಿ 10–12 ಮಕ್ಕಳಿಗಿಂತ ಹೆಚ್ಚು ಬೇಡ. ನಿಮ್ಮ ಮೆಚ್ಚಿನ ಪುಸ್ತಕ ಯಾವುದೆಂದು ಫಲಿತಾಂಶ ಹೊರಬೀಳುವವರೆಗೆ ಬಾಯಿಬಿಡಬೇಡಿ. ಶಿಕ್ಷಕರ ಮುಖ ನೋಡಿಯೇ ಮತ ಬದಲಿಸುವ ಮಕ್ಕಳಿರುತ್ತಾರೆ.

ಮತ ಎಣಿಸುವ ಕ್ರಮವೂ ಫಲಿತಾಂಶವನ್ನು ಬದಲಿಸುತ್ತದೆ. ಒಬ್ಬರಿಗೆ ಒಂದೇ ಮತ ಎಂದಿಟ್ಟು, ಐದು ಪುಸ್ತಕಗಳಿಗೆ 12, 10, 9, 5, 4 ಮತ ಬಂತೆನ್ನಿ. 12 ಪಡೆದದ್ದು ಗೆಲ್ಲುತ್ತದೆ, ಆದರೆ 28 ಮಕ್ಕಳು ಅದನ್ನು ಆರಿಸಿಯೇ ಇಲ್ಲ. ಇದರ ಬದಲು ಪ್ರತಿ ಮಗುವೂ ಮೊದಲ, ಎರಡನೆಯ, ಮೂರನೆಯ ಆಯ್ಕೆ ಬರೆಯಲಿ. ಅವಕ್ಕೆ ಕ್ರಮವಾಗಿ 4, 3, 2 ಅಂಕ. ನ್ಯೂಬೆರಿ ಸಮಿತಿಯ ಎಣಿಕೆ ಇದೇ ಬಗೆಯದು. 15 ಸದಸ್ಯರ ಆ ಸಮಿತಿಯಲ್ಲಿ ಗೆಲ್ಲುವ ಪುಸ್ತಕಕ್ಕೆ ಕನಿಷ್ಠ ಎಂಟು ಮೊದಲ ಆಯ್ಕೆ ಬೇಕು, ಎರಡನೆಯ ಪುಸ್ತಕಕ್ಕಿಂತ ಎಂಟು ಅಂಕ ಮುಂದಿರಬೇಕು. ಇಲ್ಲವಾದರೆ ಮತ್ತೆ ಚರ್ಚೆ, ಮತ್ತೆ ಮತ. ನಿಮ್ಮ 40 ಮಕ್ಕಳಲ್ಲಿ ಮೇಲಿನ 12ರ ಪುಸ್ತಕಕ್ಕೆ ಮೂರು ಎರಡನೆಯ ಆಯ್ಕೆ, ಐದು ಮೂರನೆಯ ಆಯ್ಕೆ ಬಂದರೆ ಒಟ್ಟು 67 ಅಂಕ. 10ರ ಪುಸ್ತಕವನ್ನು 20 ಮಕ್ಕಳು ಎರಡನೆಯದಾಗಿಯೂ ಉಳಿದ 10 ಮಕ್ಕಳು ಮೂರನೆಯದಾಗಿಯೂ ಬರೆದಿದ್ದರೆ ಅದಕ್ಕೆ 120. ಇಡೀ ಗುಂಪು ಮೆಚ್ಚಿದ ಪುಸ್ತಕ ಯಾವುದೆಂದು ಆಗ ಕಾಣುತ್ತದೆ. ಎಣಿಕೆಯನ್ನು ಬೋರ್ಡಿನ ಮೇಲೆ ಮಕ್ಕಳ ಎದುರೇ ಮಾಡಿ. ಒಳ್ಳೆಯ ಗಣಿತದ ಪಾಠವೂ ಆಗುತ್ತದೆ.

ಮತಪತ್ರದಲ್ಲಿ ಹೆಸರಿನ ಜೊತೆ ಮುಖಪುಟದ ಪುಟ್ಟ ಚಿತ್ರ ಇರಲಿ. ಎಲ್ಲ ಪತ್ರಗಳಲ್ಲೂ ಒಂದೇ ಪುಸ್ತಕ ಮೇಲಿದ್ದರೆ ಅದಕ್ಕೆ ಸುಮ್ಮನೆ ಲಾಭ, ಆದ್ದರಿಂದ ಕ್ರಮ ಬದಲಿಸಿದ ಐದು ಬಗೆಯ ಪತ್ರ ಮುದ್ರಿಸಿ. ಒಂದೇ ಪುಸ್ತಕವನ್ನು ಎರಡು ಕಡೆ ಬರೆದ ಪತ್ರ ಬಂದರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಮೇಲಿನ ಆಯ್ಕೆಯನ್ನು ಮಾತ್ರ ಎಣಿಸುವುದು ವಾಡಿಕೆಗೆ ಹೊಂದುತ್ತದೆ. ಮತದಾನಕ್ಕೆ ಮುಂಚೆ ಕಾರ್ಡುಗಳನ್ನು ನೋಡಿ, ಪ್ರತಿ ಪುಸ್ತಕವನ್ನೂ ಎಷ್ಟು ಮಕ್ಕಳು ಓದಿದ್ದಾರೆಂದು ಲೆಕ್ಕ ಹಾಕಿ. ನಾಲ್ಕು ಪುಸ್ತಕಗಳಿಗೆ 36 ಓದುಗರು ಸಿಕ್ಕು, ಪ್ರತಿ ಸಾಲದ್ದರಿಂದ ಐದನೆಯದಕ್ಕೆ 20 ಮಂದಿ ಮಾತ್ರ ಸಿಕ್ಕಿದ್ದರೆ ಅದು ಸೋತರೆ ಗುಣದಿಂದಲ್ಲ. ಆಗ ಮತದಾನ ಎರಡು ವಾರ ಮುಂದೆ ಹಾಕುವುದೇ ನ್ಯಾಯ.

ಓದಲು ಈಗಷ್ಟೇ ಕಲಿಯುತ್ತಿರುವ ಚಿಕ್ಕ ತರಗತಿಗಳಿಗೆ ಬೇರೆಯೇ ಪ್ರಶಸ್ತಿ ಮಾಡಿ, ಚಿತ್ರಪುಸ್ತಕಗಳದು. ಮೂರೇ ಪುಸ್ತಕ ಸಾಕು, ಒಂದೊಂದೇ ಪ್ರತಿ ಸಾಕು. ಪ್ರತಿಯೊಂದನ್ನೂ ಎರಡು ಸಲ ಓದಿಹೇಳಿ: ಮೊದಲ ಸಲ ಕಥೆಗಾಗಿ, ಎರಡನೇ ಸಲ ಚಿತ್ರಗಳ ಬಳಿ ನಿಂತು. ಮಾತಿನಲ್ಲಿ ಹೇಳದ್ದನ್ನು ಚಿತ್ರ ಎಲ್ಲಿ ಹೇಳುತ್ತಿದೆ ಎಂದು ಕೇಳಿ; ದೊಡ್ಡವರ ಕಣ್ಣಿಗೆ ಬೀಳದ್ದು ಮಕ್ಕಳಿಗೆ ಕಾಣುತ್ತದೆ. ಮತಕ್ಕೆ ಮಣಿಗಳನ್ನು ಕೊಟ್ಟು, ಮುಖಪುಟ ಅಂಟಿಸಿದ ಮೂರು ಡಬ್ಬಿ ಇಡಿ. ಡಬ್ಬಿಗೆ ಮುಚ್ಚಳವಿರಲಿ, ಮಣಿ ಬೀಳುವಷ್ಟೇ ತೂತಿರಲಿ. ತೆರೆದ ಡಬ್ಬಿಯಾದರೆ ಮೂರನೇ ಮಗುವಿನಿಂದಾಚೆ ಎಲ್ಲರೂ ತುಂಬಿದ ಡಬ್ಬಿಗೇ ಹಾಕುತ್ತಾರೆ. ಕೊನೆಯಲ್ಲಿ ಓದಿದ ಪುಸ್ತಕಕ್ಕೂ ಹೀಗೇ ವಾಲುತ್ತಾರೆ, ಆದ್ದರಿಂದ ಮತದ ದಿನ ಬೆಳಿಗ್ಗೆ ಮೂರರ ಪುಟಗಳನ್ನೂ ಒಮ್ಮೆ ತಿರುವಿ ತೋರಿಸಿ.

ಹಬ್ಬದ ದಿನಕ್ಕೆ ಬರೋಣ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ಏಪ್ರಿಲ್ 2ನ್ನು 1967ರಿಂದ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವಾಗಿ ಆಚರಿಸುತ್ತಾರೆ. ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಯುನೆಸ್ಕೊ 1995ರಲ್ಲಿ ಘೋಷಿಸಿತು. ಆ ದಿನಗಳು ನಿಮ್ಮ ಪರೀಕ್ಷೆಗೋ ರಜೆಗೋ ತಾಗುವುದಾದರೆ ಬಿಟ್ಟುಬಿಡಿ. 14 ವಾರದ ಲೆಕ್ಕ ಎಲ್ಲಿ ಮುಗಿಯುತ್ತದೋ ಅದೇ ನಿಮ್ಮ ಹಬ್ಬ.

ಆ ದಿನದ ಮೊದಲ 20 ನಿಮಿಷ ಇಡೀ ಶಾಲೆ ಓದಲಿ. ಮುಖ್ಯ ಶಿಕ್ಷಕರು, ಕಚೇರಿಯವರು, ಅಡುಗೆಯವರು, ಯಾರನ್ನೂ ಬಿಡಬೇಡಿ. ಆಮೇಲೆ ಪುಸ್ತಕದ ರುಚಿ ನೋಡುವ ಆಟ: ಐದು ಮೇಜು, ಮೇಜಿಗೆ ಎಂಟು ಹತ್ತು ಪುಸ್ತಕ, ಪ್ರತಿ ಮೇಜಿನಲ್ಲಿ ಆರು ನಿಮಿಷ, ಗಂಟೆ ಹೊಡೆದಾಗ ಮುಂದಿನ ಮೇಜಿಗೆ. ಪ್ರತಿ ಮಗುವಿನ ಕೈಯಲ್ಲೂ ಒಂದು ಚೀಟಿ, 'ಮನೆಗೆ ಒಯ್ಯಬೇಕು' ಎಂದು ಬರೆದುಕೊಳ್ಳಲು. ಆ ದಿನವೇ ಎರವಲು ಕೊಡುವ ವ್ಯವಸ್ಥೆ ಇಟ್ಟುಕೊಳ್ಳಿ, ನಾಳೆ ಎಂದರೆ ಆ ಆಸೆ ಆರುತ್ತದೆ. ವೇಷ ಬೇಕೆಂದು ಮಕ್ಕಳು ಹಟ ಹಿಡಿದರೆ ಪಾತ್ರದ ಒಂದೇ ಒಂದು ವಸ್ತು ಸಾಕೆನ್ನಿ: ಕಾಗದದ ಟೋಪಿ, ಒಂದು ಕೋಲು, ಒಂದು ಕಾಗದದ ಬಾಲ. ಅದನ್ನೂ ಶಾಲೆಯಲ್ಲೇ ಮಾಡಿಸಿ. ಬಾಡಿಗೆ ವೇಷ ತರಲಾಗದ ಮಗು ಆ ದಿನ ಶಾಲೆಗೇ ಬರುವುದಿಲ್ಲ, ಓದಿನ ಹಬ್ಬದಲ್ಲಿ ಹಾಗಾಗಬಾರದು. ಭಾಷಣ ಒಂದೇ ಇರಲಿ, ಐದು ನಿಮಿಷ ಮೀರದಿರಲಿ. ಗೆದ್ದ ಪುಸ್ತಕದ ಎರಡು ಪುಟವನ್ನು ಒಂದು ಮಗು ಓದಲಿ, ಮೆಚ್ಚಲು ಕಾರಣವೇನೆಂದು ಇನ್ನೊಂದು ಮಗು ಹೇಳಲಿ.

ಲೇಖಕರನ್ನು ಕರೆಯುವುದಾದರೆ 60 ಮಕ್ಕಳಿಗೆ, 40 ನಿಮಿಷಕ್ಕೆ ಕರೆಯಿರಿ. ಮಕ್ಕಳು ಪುಸ್ತಕ ಓದಿರಬೇಕು, ಪ್ರಶ್ನೆಗಳನ್ನು ಒಂದು ವಾರ ಮುಂಚೆ ಕಳಿಸಿರಬೇಕು. ಇಡೀ ಶಾಲೆಯನ್ನು ಮೈದಾನದಲ್ಲಿ ಕೂರಿಸಿದರೆ ಮುಂದಿನ ಮೂರು ಸಾಲಿಗೆ ಮಾತ್ರ ಅದು ಲೇಖಕರ ಭೇಟಿ. ಬರಲಾಗದ ಲೇಖಕರಿಗೆ ಪ್ರಕಾಶಕರ ಮೂಲಕ ಮಕ್ಕಳೇ ಮಾಡಿದ ಪ್ರಶಸ್ತಿಪತ್ರ ಹೋಗಲಿ, ಜೊತೆಗೆ ಮತದ ಲೆಕ್ಕ ಮತ್ತು ಮಕ್ಕಳ ನಾಲ್ಕೈದು ಅಭಿಪ್ರಾಯ, ಇಷ್ಟವಾಗದ್ದೂ ಸೇರಿ.

ಗೆಲ್ಲದ ನಾಲ್ಕನ್ನು ಸೋತ ಪುಸ್ತಕಗಳೆನ್ನಬೇಡಿ. ನ್ಯೂಬೆರಿಯಲ್ಲೂ ಗೆದ್ದದ್ದರ ಸಮೀಪ ಬಂದವನ್ನು 1971ರಿಂದ ಗೌರವ ಪಡೆದ ಪುಸ್ತಕಗಳೆಂದೇ ಕರೆಯುತ್ತಾರೆ. ಐದಕ್ಕೂ ಒಂದೊಂದು ಗುಂಡು ಲೇಬಲ್ ಅಂಟಿಸಿ, ಗೆದ್ದದ್ದಕ್ಕೆ ಬೇರೆ ಬಣ್ಣ; ಲೇಖಕರ, ಚಿತ್ರಕಾರರ ಹೆಸರಾಗಲಿ ಬಾರ್‌ಕೋಡ್ ಆಗಲಿ ಮುಚ್ಚದಂತೆ ನೋಡಿಕೊಳ್ಳಿ. ಐದನ್ನೂ ಮುಖಪುಟ ಕಾಣುವಂತೆ ಒಂದೇ ಕಪಾಟಿನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಕಾಯುವವರ ಪಟ್ಟಿ ತೂಗುಹಾಕಿ. ಫಲಿತಾಂಶದ ಮರುದಿನ ಪ್ರಶಸ್ತಿಯಲ್ಲಿ ಸೇರದಿದ್ದ ಮಕ್ಕಳು ಗೆದ್ದ ಪುಸ್ತಕ ಕೇಳಿಕೊಂಡು ಬರುತ್ತಾರೆ; ಅವರನ್ನು ಬರಿಗೈಯಲ್ಲಿ ಕಳಿಸದೆ ಉಳಿದ ನಾಲ್ಕರಲ್ಲೊಂದನ್ನು ಕೈಗಿಡಿ. ಮೂರು ತಿಂಗಳ ಬಳಿಕ ಎರವಲು ರಿಜಿಸ್ಟರ್ ತೆಗೆದು ಆ ಐದೂ ಎಷ್ಟು ಸಲ ಹೊರಗೆ ಹೋಗಿವೆ ಎಂದು ಎಣಿಸಿ, ಆ ಲೆಕ್ಕವನ್ನು ಮುಂದಿನ ಕಿರುಪಟ್ಟಿ ಸಮಿತಿಯ ಮೊದಲ ಸಭೆಯ ಮೇಜಿನ ಮೇಲಿಡಿ.

— ಸಂಪಾದಕರು