ಉದ್ದದ ವಿಮಾನ ಪ್ರಯಾಣಕ್ಕೆ ಕಾದಂಬರಿ ಬಿಟ್ಟು ಬೇರೆ ಯಾವ ಕನ್ನಡ ಪುಸ್ತಕ ಒಳ್ಳೆಯದು?

ಮಂಗಳೂರಿನಿಂದ ದುಬೈ, ಅಲ್ಲಿಂದ ಟೊರಾಂಟೊದಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ. ದುಬೈಯಿಂದ ಮುಂದಕ್ಕೇ ಸುಮಾರು 14 ಗಂಟೆ. ಕಾದಂಬರಿ ಬೇಡ, ನಿಜ ಸಂಗತಿಯ ಪುಸ್ತಕ ಒಂದು ಹೇಳಿ ಅಂತ ಕೇಳಿದ್ದೀರಿ. ನೀವು ಉಪ್ಪಳದವರು, ನಾನು ಕುಂಬಳೆಯವನು, ಇಬ್ಬರೂ ಕಾಸರಗೋಡಿನ ಕಡೆಯವರೇ. ಹಾಗಾಗಿ ಸ್ವಲ್ಪ ಸಲಿಗೆಯಿಂದಲೇ ಹೇಳುತ್ತೇನೆ.

ಒಂದೇ ಪುಸ್ತಕ ಅಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಯಾಕೆ ಅಂತಲೂ ಹೇಳುತ್ತೇನೆ. ಒಂದು ವೇಳೆ ಅದು ಸಿಗದಿದ್ದರೆ ಬೇರೆ ಪುಸ್ತಕ ಆರಿಸಲು ಆ ಕಾರಣ ಬೇಕಾಗುತ್ತದೆ.

14 ಗಂಟೆ ಅಂದ ಕೂಡಲೇ 600 ಪುಟ ಬೇಕು ಅಂತ ಲೆಕ್ಕ ಹಾಕಬೇಡಿ. ಊಟ ಬರುತ್ತದೆ, ಟ್ರೇ ತೆಗೆಯುವವರೆಗೆ ಕೈಕಾಲು ಆಡಿಸುವ ಹಾಗಿಲ್ಲ. ಕಿಟಕಿ ಬದಿಯವರು ಎದ್ದರೆ ನೀವೂ ಏಳಬೇಕು. ಮತ್ತೆ ದೀಪ ಆರಿಸುತ್ತಾರೆ, ನಿದ್ದೆ ಬರುತ್ತದೆ, ಎಚ್ಚರವಾಗುತ್ತದೆ, ಹೊತ್ತು ಎಷ್ಟಾಯಿತೆಂದೇ ಗೊತ್ತಾಗುವುದಿಲ್ಲ. ಓದಲು ಸಿಗುವುದು ಹೆಚ್ಚೆಂದರೆ ನಾಲ್ಕೈದು ಗಂಟೆ, ಅದೂ ತುಂಡು ತುಂಡಾಗಿ. ಇನ್ನೊಂದು ವಿಷಯ ಉಂಟು. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಅಂದರೆ ಕುದುರೆಮುಖದ ತುದಿಯಲ್ಲಿ, ಕೆಲವೊಮ್ಮೆ ಅದಕ್ಕಿಂತಲೂ ಮೇಲೆ ಕೂತಂತಾಯಿತು. ಗಾಳಿ ಬಹಳ ಒಣ, ಕಣ್ಣು ಉರಿಯುತ್ತದೆ, ತಲೆ ಮಂದವಾಗುತ್ತದೆ. ಮನೆಯಲ್ಲಿ ವರ್ಷಗಟ್ಟಲೆ 'ಓದಬೇಕು, ಓದಬೇಕು' ಅಂತ ಕಪಾಟಿನಲ್ಲಿಟ್ಟ ಗಂಭೀರ ಇತಿಹಾಸದ ಪುಸ್ತಕ ಅಲ್ಲಿ ಓದಿಸಿಕೊಳ್ಳುತ್ತದೆಯೇ? ಖಂಡಿತ ಇಲ್ಲ ಮಾರಾಯ್ರೆ.

ಬೇಕಾದದ್ದು ಎರಡು ಗುಣ. ಎಲ್ಲಿ ಬಿಟ್ಟರೂ, ಎಲ್ಲಿ ತೆರೆದರೂ ನಡೆಯಬೇಕು. ಬರೆದವರಿಗೆ ಮಾತಾಡಲು ಬರಬೇಕು. ವಿಷಯ ಯಾವುದು ಅನ್ನುವುದು ಆಮೇಲಿನ ಮಾತು. ಗಿಡಮರ ಅಂದರೆ ನನಗೆ ಬೇಜಾರು ಅನ್ನುವವರೂ ಸ್ವಾಮಿಯವರನ್ನು ಓದಿ ನಕ್ಕದ್ದನ್ನು ನೋಡಿದ್ದೇನೆ.

ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಡಿ.ವಿ.ಜಿ.ಯವರ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತಿದ ಕಥೆ 'ಹಸುರು ಹೊನ್ನು'. ಗಿಡಗಳ ವಿವರ ಉಂಟು, ಅವರೇ ಬರೆದ ಚಿತ್ರಗಳು ಉಂಟು. ನಡುನಡುವೆ ಹುಡುಗರ ತಂಟೆ, ಮೇಷ್ಟ್ರ ತಂಟೆ ಅದಕ್ಕಿಂತ ಜಾಸ್ತಿ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆದರೆ ಪ್ರಶಸ್ತಿ ಪುಸ್ತಕದ ಬಿಗುಮಾನ ಒಂದು ಪುಟದಲ್ಲೂ ಇಲ್ಲ. ಒಂದು ಗಿಡದ ಕಥೆ ಮುಗಿಸಿ ಮಲಗಿದರೆ, ಎದ್ದ ಮೇಲೆ ಹಿಂದಿನದು ಮರೆತುಹೋಗಿದ್ದರೂ ತೊಂದರೆ ಇಲ್ಲ. ಅವರದ್ದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಸಿಕ್ಕರೆ ಅದೂ ಆದೀತು. ಅಲ್ಲಿಂದ ಬಂದು ನಮ್ಮ ಅಡುಗೆಮನೆ ಸೇರಿದ ಬೆಳೆಗಳ ಕಥೆ ಅದು. ನಮ್ಮ ಗುಡ್ಡೆಯ ಗೇರುಬೀಜವೂ ಮೂಲದಲ್ಲಿ ಬ್ರೆಜಿಲ್ ಕಡೆಯದ್ದೇ ಅಲ್ವಾ. ವಿಮಾನದ ಟ್ರೇಯಲ್ಲಿ ಬರುವ ಆಲೂಗಡ್ಡೆ, ಟೊಮೆಟೊಗಳನ್ನು ನೋಡುತ್ತಾ ಓದಲು ಇದಕ್ಕಿಂತ ಒಳ್ಳೆಯದು ಇಲ್ಲ.

ಸ್ವಾಮಿ ಬೇಡ ಅನಿಸಿದರೆ ತೇಜಸ್ವಿಯವರ 'ಪರಿಸರದ ಕತೆ'. ಸಣ್ಣ ಸಣ್ಣ ಲೇಖನ, ಹಗುರ ಪುಸ್ತಕ. ನೀವು ಈಗಾಗಲೇ ಓದಿರಲೂಬಹುದು. ಹಾಗಾದರೆ ಅವರದ್ದೇ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ತೆಗೆದುಕೊಳ್ಳಿ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಕೂಡ ಒಳ್ಳೆಯದು. ಬಡತನ, ಜಾತಿಯ ಅವಮಾನ ಎಲ್ಲ ಉಂಟು, ಆದರೂ ಅವರು ನಗಿಸುತ್ತಾರೆ. ಎಲ್ಲರೂ ಮಲಗಿರುವಾಗ ನೀವೊಬ್ಬರೇ ಜೋರಾಗಿ ನಕ್ಕು ಪಕ್ಕದವರನ್ನು ಎಬ್ಬಿಸುವ ಅಪಾಯ ಉಂಟು, ಅಷ್ಟೆ.

ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಓದಿ ಅಂತ ಎಲ್ಲರೂ ಹೇಳುತ್ತಾರೆ. ಚೆನ್ನಾದ ಪುಸ್ತಕವೇ. ಆದರೆ ನನ್ನ ಪ್ರಕಾರ ಅದು ವಿಮಾನಕ್ಕಲ್ಲ, ಅಲ್ಲಿಗೆ ಮುಟ್ಟಿದ ಮೇಲೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿ, ಹೊರಗೆ ಹಿಮ ಬಿದ್ದು, ನೀವೊಬ್ಬರೇ ಮನೆಯಲ್ಲಿ ಕೂತಾಗ ಅದರ ರುಚಿ ಬೇರೆಯೇ. ವಯಸ್ಸಾದ ಮೇಲೆ ಆ ಕಡೆಯ ದೇಶ ನೋಡಿದವರು ಬರೆದದ್ದು, ನಿಮಗೆ ಸರಿಯಾಗಿ ಹೊಂದುತ್ತದೆ.

ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ನನಗೆ ಬಹಳ ಇಷ್ಟ. ಆದರೆ ದಪ್ಪ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಅದರಲ್ಲಿ ಮಾತ್ರೆ, ಸ್ವೆಟರ್, ಮಗಳಿಗೆ ಕೊಂಡುಹೋಗುವ ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಎಲ್ಲ ಸೇರಬೇಕಲ್ಲ. ಎದೆಯ ಮೇಲಿಟ್ಟುಕೊಂಡು ಓದಿದರೆ ಕೈ ಸೋಲುತ್ತದೆ.

ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ಬಗ್ಗೆ ಮಾತ್ರ ಒಂದು ಕಿವಿಮಾತು. ಕಾಸರಗೋಡಿನವರು ಓದಲೇಬೇಕಾದ ಆತ್ಮಕಥೆ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದ್ದು ಅವರನ್ನು ಕೊನೆಯವರೆಗೂ ಕಾಡಿತ್ತು. ಆದರೆ ಹೋಗುವಾಗ ಬೇಡ. ಮನೆ ಬಿಟ್ಟು ಹೊರಟ ದಿನ ನಮ್ಮ ಕಡೆಯ ಪೆರಡಾಲ, ಬದಿಯಡ್ಕ ಅಂತೆಲ್ಲ ಕಣ್ಣೆದುರು ಬಂದರೆ ಸುಮ್ನೆ ಹೊಟ್ಟೆ ಹಿಂಡುತ್ತದೆ. ಬರುವಾಗ ಓದಿ.

ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡರಾಯಿತು ಅಂತ ಮಾತ್ರ ಹೋಗಬೇಡಿ. ಅಲ್ಲಿ ಇರುವುದು ಹೆಚ್ಚಾಗಿ ಇಂಗ್ಲಿಷಿನ 'ಯಶಸ್ಸು ಗಳಿಸುವುದು ಹೇಗೆ' ಜಾತಿಯವು. ನಾಲ್ಕು ಪುಟದ ವಿಷಯ, ಇನ್ನೂರೈವತ್ತು ಪುಟಕ್ಕೆ ಎಳೆದಿರುತ್ತಾರೆ. ದುಬೈ ಬಿಟ್ಟು ಎರಡು ಗಂಟೆಯಾಗುವಷ್ಟರಲ್ಲಿ ನಿಮಗೆ ಮುಂದಿನ ಅಧ್ಯಾಯ ಏನೆಂದು ಗೊತ್ತಾಗಿಬಿಡುತ್ತದೆ.

ಅಂಗಡಿಯಲ್ಲಿ ಆರಿಸುವಾಗ ಮುನ್ನುಡಿ, ಬೆನ್ನುಡಿ ನೋಡಬೇಡಿ. ಅಲ್ಲಿ ಎಲ್ಲ ಪುಸ್ತಕವೂ ಅದ್ಭುತವೇ. ನಡುವಿನ ಒಂದು ಪುಟ ತೆರೆದು ನಿಂತಲ್ಲೇ ಓದಿ. ಹಿಂದಿನದು ಏನೂ ಗೊತ್ತಿಲ್ಲದೆಯೂ ಪುಟ ತಿರುಗಿಸಬೇಕು ಅನಿಸಿದರೆ ಆ ಪುಸ್ತಕ ನಡೆಯುತ್ತದೆ. ಅಕ್ಷರದ ಗಾತ್ರವನ್ನೂ ಆಗಲೇ ನೋಡಿಕೊಳ್ಳಿ. ತಲೆಯ ಮೇಲಿನ ಆ ಸಣ್ಣ ದೀಪದಲ್ಲಿ ಪುಟ್ಟ ಅಕ್ಷರ ಓದುವುದು ಶಿಕ್ಷೆ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಉಂಟು. ಶಾಲೆಯಲ್ಲೋ ಪೇಟೆಯಲ್ಲೋ ಮಲಯಾಳ ಓದಲು ಕಲಿತಿದ್ದರೆ ಎಸ್.ಕೆ. ಪೊಟ್ಟೆಕ್ಕಾಟರ ಪ್ರವಾಸ ಕಥನಗಳು ಕಾಸರಗೋಡು ಪೇಟೆಯಲ್ಲೇ ಸಿಗುತ್ತವೆ. ಅವರ ಮಾತೂ ಚೆನ್ನ. ಕನ್ನಡ ಪುಸ್ತಕಕ್ಕಾದರೆ ಮಂಗಳೂರಿಗೇ ಹೋಗಬೇಕು, ನವಕರ್ನಾಟಕದಲ್ಲಿ ಕೇಳಿ ನೋಡಿ. ಫೋನಿನಲ್ಲಿ ಓದುವ ಅಭ್ಯಾಸವಿದ್ದರೆ ಕನ್ನಡ ಇ-ಪುಸ್ತಕಗಳ ಆ್ಯಪ್‌ಗಳು ಉಂಟು, ಆದರೆ ಪುಸ್ತಕವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಲು ಬಿಡುವುದಿಲ್ಲ.

'ಹಸುರು ಹೊನ್ನು' ಎಲ್ಲ ಸಮಯದಲ್ಲೂ ಅಂಗಡಿಯಲ್ಲಿ ಇರುತ್ತದೆ ಅಂತ ಇಲ್ಲ. ಅಷ್ಟು ದೂರ ಬಸ್ಸಿನಲ್ಲಿ ಹೋಗುವ ಮೊದಲು ಒಂದು ಫೋನ್ ಮಾಡಿ ಕೇಳಿಬಿಡಿ.