ಕ್ರೇಟ್ ಇಲ್ಲದೆ 50 ತಾಯಿ ಹಂದಿಗಳನ್ನು ಸಾಕಲು ಸಾಧ್ಯವೇ?

ಹಾಸನದ ಹೊರವಲಯದಲ್ಲಿ 50 ತಾಯಿ ಹಂದಿ ಮತ್ತು 5 ಗಂಡು ಹಂದಿಗಳ ಫಾರ್ಮ್ ಮಾಡಲು ಹೊರಟಿದ್ದೀರಿ. ರಾಷ್ಟ್ರೀಯ ಜಾನುವಾರು ಮಿಷನ್ ಸಹಾಯಧನಕ್ಕೆ ಅರ್ಜಿ ಹಾಕಲಿದ್ದೀರಿ. ಯೋಜನಾ ವರದಿ ಬರೆದುಕೊಟ್ಟವರು ಗಬ್ಬದ ಹಂದಿಗಳನ್ನೆಲ್ಲ ಕಬ್ಬಿಣದ ಕ್ರೇಟ್‌ಗಳಲ್ಲಿ, ಅಂದರೆ ಒಂದೊಂದೇ ಹಂದಿ ಹಿಡಿಸುವ ಸರಳಿನ ಗೂಡುಗಳಲ್ಲಿ, ನಿಲ್ಲಿಸುವ ನಕ್ಷೆ ಕೊಟ್ಟಿದ್ದಾರೆ. ಪ್ರಾಣಿಗೆ ಹಿಂಸೆಯಾಗದ, ನಿಮಗೂ ನಷ್ಟವಾಗದ ಬೇರೆ ದಾರಿ ಇದೆಯೇ ಎಂಬುದು ನಿಮ್ಮ ಪ್ರಶ್ನೆ. ಮೂಡಿಗೆರೆ ಕಡೆ ಕಾಫಿ, ಅಡಿಕೆಯ ಜೊತೆಗೆ ಹಂದಿ ಸಾಕುತ್ತಿರುವ ನಾನು ಇದೆ ಎಂದೇ ಉತ್ತರಿಸುತ್ತೇನೆ. ಆದರೆ ಆ ನಿರ್ಧಾರ ಕಾಂಕ್ರೀಟ್ ಹಾಕುವ ಮೊದಲೇ ಆಗಬೇಕು. ನೆಲ, ಗೋಡೆ, ಚರಂಡಿ ಮುಗಿದ ಮೇಲೆ ಹಂದಿಗಳಿಗಾಗಿ ನೀವು ಏನೇ ಮಾಡಹೊರಟರೂ ಅದು ತೇಪೆ ಹಚ್ಚುವ ಕೆಲಸವೇ ಆಗುತ್ತದೆ.

ಸಾಮಾನ್ಯವಾಗಿ ಎರಡು ಅಡಿ ಅಗಲ, ಏಳು ಅಡಿ ಉದ್ದ ಇರುವ ಕ್ರೇಟ್‌ನಲ್ಲಿ ಹಂದಿ ಏಳಬಹುದು, ಮಲಗಬಹುದು, ತಿರುಗಲಾರದು. ಗಬ್ಬದ ಅವಧಿ ಸುಮಾರು 114 ದಿನ. ಆ ಪದ್ಧತಿಯ ಒಂದು ಫಾರ್ಮನ್ನು ನಾನು ನೋಡಿದ್ದೇನೆ. ಸಾಲಿನಲ್ಲಿ ನಿಂತ ಹಂದಿಗಳು ಮುಂದಿನ ಸರಳನ್ನು ಒಂದೇ ಸಮನೆ ಕಚ್ಚುತ್ತಿದ್ದವು. ಬಾಯಿಯ ಮಟ್ಟದಲ್ಲಿ ಸರಳಿನ ಬಣ್ಣವೆಲ್ಲ ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿತ್ತು, ಬಾಯಿಂದ ಬಿಳಿ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಇದು ಹಂದಿಯ ಹುಟ್ಟುಗುಣವಲ್ಲ. ಗಬ್ಬದ ಹಂದಿಗೆ ಕೊಬ್ಬು ಏರಬಾರದೆಂದು ದಿನಕ್ಕೆ ಎರಡು, ಎರಡೂವರೆ ಕೆಜಿ ಆಹಾರವನ್ನಷ್ಟೇ ಕೊಡುತ್ತಾರೆ. ಅದು ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಹೊಟ್ಟೆ ತುಂಬಿದ ಭಾವನೆ ಬರುವುದಿಲ್ಲ, ಮಣ್ಣು ಕೆದಕುತ್ತಾ ದಿನ ಕಳೆಯಬೇಕಾದ ಮೂತಿಗೆ ಬೇರೆ ಕೆಲಸವೂ ಇರುವುದಿಲ್ಲ. ಬ್ರಿಟನ್ 1999ರಲ್ಲಿಯೇ ಈ ಕ್ರೇಟ್‌ಗಳನ್ನು ನಿಷೇಧಿಸಿತು. ಯುರೋಪ್ ಒಕ್ಕೂಟದಲ್ಲಿ 2013ರ ಜನವರಿಯಿಂದ, ಗಬ್ಬದ ಮೊದಲ ನಾಲ್ಕು ವಾರ ಮತ್ತು ಮರಿ ಹಾಕುವ ಮುಂಚಿನ ಒಂದು ವಾರ ಬಿಟ್ಟರೆ, ಹಂದಿಗಳನ್ನು ಗುಂಪಿನಲ್ಲಿಯೇ ಇಡಬೇಕು. ನಮ್ಮಲ್ಲಿಯೂ, ಸಹಜವಾಗಿ ಅಲುಗಾಡಲು ಅವಕಾಶವಿಲ್ಲದಷ್ಟು ಕಿರಿದಾದ ಗೂಡಿನಲ್ಲಿ ಪ್ರಾಣಿಯನ್ನು ಇಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಹಿಂಸೆಯೆಂದೇ ಹೇಳುತ್ತದೆ. ಬೇರೆ ದೇಶಗಳು ಕಿತ್ತುಹಾಕಿದ್ದನ್ನು ನಾವು ಸಾಲ ಮಾಡಿ ತಂದು ಕೂರಿಸುವುದರಲ್ಲಿ ಯಾವ ಆಧುನಿಕತೆ ಇದೆಯೋ ನನಗೆ ಅರ್ಥವಾಗಿಲ್ಲ.

ಗುಂಪಿನಲ್ಲಿ ಬಿಟ್ಟರೆ ಕಚ್ಚಾಡುತ್ತವೆ ಎಂದು ನಿಮ್ಮ ವರದಿ ಬರೆದವರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಜಗಳಕ್ಕೆ ಎರಡು ಹೊತ್ತುಗಳಿವೆ: ಹೊಸಬರನ್ನು ಸೇರಿಸಿದ ಮೊದಲ ಒಂದೆರಡು ದಿನ, ಮತ್ತು ಪ್ರತಿದಿನ ಆಹಾರ ಹಾಕುವ ಹೊತ್ತು. ಭ್ರೂಣ ಗರ್ಭಕ್ಕೆ ಅಂಟಿಕೊಳ್ಳುವ ಕಾಲದಲ್ಲಿ, ಅಂದರೆ ಗಬ್ಬ ಕಟ್ಟಿಸಿದ ಒಂದು ವಾರದಿಂದ ನಾಲ್ಕು ವಾರದವರೆಗೆ, ಗುಂಪನ್ನು ಕಲಕಬೇಡಿ. ಮರಿಗಳನ್ನು ತಾಯಿಯ ಹಾಲಿನಿಂದ ಬಿಡಿಸಿದ ದಿನವೇ ಸೇರಿಸಿ, ಇಲ್ಲವೇ ನಾಲ್ಕು ವಾರ ದಾಟಿದ ಮೇಲೆ ಸೇರಿಸಿ. ಸಂಜೆ ಹೊಟ್ಟೆತುಂಬ ತಿನ್ನಿಸಿ, ದಪ್ಪಗೆ ಹುಲ್ಲು ಹಾಸಿ, ಕತ್ತಲಾಗುವ ಹೊತ್ತಿಗೆ ಸೇರಿಸಿದರೆ ಗಲಾಟೆ ಬಹಳ ಕಡಿಮೆ. ಸೋತ ಹಂದಿ ಓಡಿಹೋಗಿ ಮರೆಯಾಗಲು ಎದೆಮಟ್ಟದ ಒಂದೆರಡು ಅಡ್ಡಗೋಡೆಗಳಿರಲಿ. ಆಹಾರದ ಬಾನಿಗೆ ಭುಜದವರೆಗೆ ಬರುವ ಅಡ್ಡಪಟ್ಟಿಗಳನ್ನು ಕಟ್ಟಿಸಿ, ಪ್ರತಿ ಹಂದಿಗೂ ಒಂದು ಜಾಗ ಕೊಡಿ. ಯುರೋಪಿನ ನಿಯಮದಲ್ಲಿ ತಲಾ 2.25 ಚದರ ಮೀಟರ್ ಕನಿಷ್ಠ. ಭೂಮಿ ನಿಮ್ಮದೇ ಆಗಿರುವುದರಿಂದ ಮೂರು ಕೊಡಿ ಎನ್ನುತ್ತೇನೆ. ದಿನವೂ ಒಂದಿಷ್ಟು ನೇಪಿಯರ್ ಹುಲ್ಲು ಅಥವಾ ಸೀಳಿದ ಬಾಳೆದಿಂಡು ಹಾಕಿದರೆ ಅವು ಗಂಟೆಗಟ್ಟಲೆ ಅಗಿಯುತ್ತಾ ಮಲಗಿರುತ್ತವೆ.

ನಕ್ಷೆಯಲ್ಲಿ ನೀವು ಹೆಚ್ಚು ಹೊತ್ತು ನೋಡಬೇಕಾದದ್ದು ಮರಿ ಹಾಕುವ ಕೋಣೆಯನ್ನು. 42 ದಿನಕ್ಕೆ ಮರಿ ಬಿಡಿಸುವುದಾದರೆ 50 ಹಂದಿಗಳಿಗೆ ಹದಿನೈದು ಹದಿನಾರು ಕೋಣೆಗಳು ಬೇಕಾಗುತ್ತವೆ. 21 ದಿನಕ್ಕೇ ಬಿಡಿಸಿದರೆ ಕೋಣೆ ಉಳಿಯುತ್ತದೆ ನಿಜ, ಆದರೆ ಮರಿಗಳಿಗೆ ಭೇದಿ ಹತ್ತಿಕೊಂಡರೆ ಉಳಿಸಿದ ಹಣ ಔಷಧಿ ಅಂಗಡಿಗೆ ಹೋಗುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಫಾರ್ಮಿನ ಹಂದಿಗಳನ್ನು ಕಾಡಿನಂಥ ಆವರಣದಲ್ಲಿ ಬಿಟ್ಟು ಗಮನಿಸಿದಾಗ, ಮರಿ ಹಾಕುವ ಮುನ್ನ ಅವು ಗುಂಪನ್ನು ಬಿಟ್ಟು ದೂರ ಹೋಗಿ, ನೆಲ ಕೆದರಿ, ಹುಲ್ಲು ಕಡ್ಡಿ ತಂದು ಗೂಡು ಕಟ್ಟಿದವು. ಎಷ್ಟು ತಲೆಮಾರು ಸಿಮೆಂಟಿನ ಮೇಲೆ ಬೆಳೆದರೂ ಆ ಒತ್ತಡ ಹೋಗಿಲ್ಲ. ನನ್ನಲ್ಲಿ ಮರಿ ಹಾಕುವ ಹಿಂದಿನ ದಿನ ಭತ್ತದ ಹುಲ್ಲಿನ ಜೊತೆ ಎರಡು ಮೂರು ಒಣ ಅಡಿಕೆ ಹಾಳೆಗಳನ್ನೂ ಹಾಕುತ್ತೇವೆ. ಯಾರ್ಕ್‌ಷೈರ್ ತಾಯಿಯೊಂದು ಹಾಳೆಯನ್ನು ಬಾಯಲ್ಲಿ ಕಚ್ಚಿ ಮೂಲೆಗೆ ಎಳೆದು, ಕಾಲಿನಿಂದ ಒತ್ತಿ ಹಿಡಿದು, ಉದ್ದುದ್ದ ಸೀಳಿ, ಹುಲ್ಲಿನ ಕೆಳಗೆ ಮೂತಿಯಿಂದ ತುರುಕುತ್ತದೆ. ಆ ಕೆಲಸ ಮುಗಿಸಿ ಮಲಗಿತೆಂದರೆ ಹೆರಿಗೆಯ ಉದ್ದಕ್ಕೂ ಎದ್ದು ಕೂತು ಮಾಡುವುದು ಕಡಿಮೆ. ಮರಿ ತಾಯಿಯ ಅಡಿ ಸಿಕ್ಕಿ ಸಾಯುವುದು ಮುಖ್ಯವಾಗಿ ಹಾಗೆ ಎದ್ದು ಮಲಗುವಾಗಲೇ.

ಈ ಸಾವಿನ ಭಯವೇ ಮರಿ ಹಾಕುವ ಕ್ರೇಟಿನ ಪರವಾದ ದೊಡ್ಡ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಸ್ವೀಡನ್, ನಾರ್ವೆ, ಸ್ವಿಟ್ಜರ್ಲೆಂಡ್‌ಗಳಲ್ಲಿ ತಾಯಿಯನ್ನು ಬಿಟ್ಟೇ ಮರಿ ಹಾಕಿಸುತ್ತಾರೆ, ಆದರೆ ಅಲ್ಲಿ ಕೋಣೆಯ ವಿನ್ಯಾಸ ಚೆನ್ನಾಗಿದೆ, ನೋಡಿಕೊಳ್ಳುವವರು ಪಳಗಿದ್ದಾರೆ. ನಿಮ್ಮದು ಹೊಸ ಫಾರ್ಮ್, ಕೆಲಸದವರೂ ಹೊಸಬರು. ಆದ್ದರಿಂದ ತಾಯಿಯ ಎರಡೂ ಬದಿಗೆ ಬಾಗಿಲಿನಂತೆ ಮಡಚುವ ಸರಳುಗಳನ್ನು ಹಾಕಿಸಿ, ಮರಿ ಹಾಕಿದ ಮೇಲೆ ಮೂರು ನಾಲ್ಕು ದಿನ ಮಾತ್ರ ಮುಚ್ಚಿ, ನಂತರ ತೆರೆಯಿರಿ. ಗೂಡು ಕಟ್ಟುವ ದಿನ ಮಾತ್ರ ಮುಚ್ಚಲೇಬೇಡಿ. ಗೋಡೆಯ ಸುತ್ತ ನೆಲದಿಂದಲೂ ಗೋಡೆಯಿಂದಲೂ 20ರಿಂದ 25 ಸೆಂ.ಮೀ. ಬಿಟ್ಟು ಪೈಪಿನ ತಡೆ ಇರಲಿ, ಮರಿ ಅದರ ಹಿಂದೆ ನುಸುಳಿಕೊಳ್ಳುತ್ತದೆ. ಹುಟ್ಟಿದ ಮರಿಗೆ 32–34 ಡಿಗ್ರಿ ಶಾಖ ಬೇಕು, ಹಾಲೂಡಿಸುವ ತಾಯಿಗೆ 20ರ ಆಸುಪಾಸು ಹಿತ. ಹಾಗಾಗಿ ಕೋಣೆಯನ್ನೆಲ್ಲ ಕಾಯಿಸದೆ, ಮರಿಗಳ ಮೂಲೆಯೊಂದನ್ನೇ ಪೆಟ್ಟಿಗೆಯಂತೆ ಮುಚ್ಚಿ ಬಲ್ಬ್ ಕಟ್ಟಬೇಕು. ಜುಲೈ ಮಳೆಯಲ್ಲಿ ಕರೆಂಟ್ ಹೋಗುವ ನಮ್ಮ ಕಡೆ ಆ ಪೆಟ್ಟಿಗೆಯೇ ಮರಿಗಳನ್ನು ಉಳಿಸುತ್ತದೆ.

ಸಂಪೂರ್ಣ ಜಾಲರಿಯ ನೆಲ ಮಾತ್ರ ಬೇಡ. ಹುಲ್ಲು ಕೆಳಗೆ ಬಿದ್ದು ಚರಂಡಿ ಕಟ್ಟುತ್ತದೆಂದು ಹುಲ್ಲನ್ನೇ ನಿಲ್ಲಿಸುತ್ತಾರೆ, ಆಮೇಲೆ ಹಂದಿಗಳು ಒಂದರ ಬಾಲವನ್ನೊಂದು ಕಚ್ಚುತ್ತವೆ, ಅದಕ್ಕೆ ಮದ್ದೆಂದು ಮರಿಗಳ ಬಾಲ ಕತ್ತರಿಸುತ್ತಾರೆ. ಮಲಗುವ ಕಡೆ ಗಟ್ಟಿ ನೆಲ, ಹಿಂದೆ ಮೂರನೇ ಒಂದು ಭಾಗ ಜಾಲರಿ ಸಾಕು. ಮಾರುಕಟ್ಟೆಗೆ ಬೆಳೆಸುವ ಹಂದಿಗಳ ಗುಂಪಿನಲ್ಲಿ ಬಾಲಗಳು ಸುರುಳಿ ಬಿಟ್ಟು ಇಳಿಬಿದ್ದದ್ದು ಕಂಡರೆ ಕಚ್ಚಾಟ ಶುರುವಾಗಲಿದೆ ಎಂದೇ ತಿಳಿಯಿರಿ: ಹಂದಿಗಳ ಇಕ್ಕಟ್ಟು, ಶೀತಗಾಳಿ, ನೀರು, ಉಪ್ಪು, ಎಲ್ಲವನ್ನೂ ನೋಡಿ. ಮಳೆಗಾಲದಲ್ಲಿ ಟಾರ್ಪಾಲು ಪೂರ್ತಿ ಇಳಿಸುವ ಅಭ್ಯಾಸ ನಮ್ಮ ಮಲೆನಾಡಿನವರದು, ಆಗ ಗಾಳಿಯಾಡದೆ ಗಂಜಲದ ಅಮೋನಿಯಾ ಅನಿಲ ಒಳಗೇ ಉಳಿಯುತ್ತದೆ. ಹಂದಿಯ ಮೂತಿಯ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂತಾಗ ನಿಮ್ಮ ಕಣ್ಣು ಉರಿದರೆ ಅಮೋನಿಯಾ ಮಿತಿ ಮೀರಿದೆ. ಹಾಸನದ ಏಪ್ರಿಲ್ ಬಿಸಿಲಿಗೆ ತುಂತುರು ನೀರು ಬೇಕು, ಏಕೆಂದರೆ ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳಲಾರದು.

ತೋಟದಲ್ಲಿ ಬಿಟ್ಟು ಮೇಯಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದೂ ಕೇಳಿದ್ದೀರಿ. ಹಂದಿಗೆ ಖುಷಿ ನಿಜ, ಆದರೆ ಸಕಲೇಶಪುರ, ಮೂಡಿಗೆರೆ ಕಡೆ ಕಾಡುಹಂದಿ ನುಗ್ಗದ ತೋಟವಿಲ್ಲ. ಕಾಡುಹಂದಿಯಿಂದ ಸಾಕುಹಂದಿಗೂ ಹರಡುವ ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು 2022ರಲ್ಲಿ ವಯನಾಡಿಗೂ ಬಂತು. ಅದು ಮನುಷ್ಯರಿಗೆ ಅಂಟುವುದಿಲ್ಲ, ಹಂದಿಗೆ ಬಂದರೆ ಹಿಂಡನ್ನೇ ಕೊಲ್ಲಬೇಕಾಗುತ್ತದೆ. ಎರಡು ಸಾಲು ಬೇಲಿ ಹಾಕುವ ಶಕ್ತಿಯಿದ್ದರೆ ಬಿಡಿ, ಇಲ್ಲವಾದರೆ ಶೆಡ್ಡಿಗೆ ಹೊಂದಿಕೊಂಡ ತೆರೆದ ಅಂಗಳ ಸಾಕು. ಈ ಜ್ವರ ಮುಸುರೆಯಿಂದಲೂ ಬರಬಹುದು, ಹೋಟೆಲ್ ಮುಸುರೆಯನ್ನು ಚೆನ್ನಾಗಿ ಕುದಿಸದೆ ಕೊಡಲೇಬೇಡಿ.

ಗಂಡು ಮರಿಗಳ ಬೀಜ ತೆಗೆಸುವುದನ್ನು ಇಲ್ಲಿನ ಮಾಂಸದ ಗಿರಾಕಿಗಳು ವಾಸನೆಯ ಕಾರಣಕ್ಕೆ ಬಯಸುತ್ತಾರೆ. ಮೊದಲ ವಾರದೊಳಗೆ, ವೈದ್ಯರಿಂದ, ಮೆಲಾಕ್ಸಿಕ್ಯಾಮ್ ನೋವುನಿವಾರಕ ಕೊಡಿಸಿಯೇ ಮಾಡಿಸಿ. ಬೇರೆ ನೋವುನಿವಾರಕಗಳಲ್ಲಿ ಡೈಕ್ಲೋಫಿನಾಕನ್ನು ಪಶುಗಳಿಗೆ ಕೊಡುವುದು 2006ರಿಂದಲೂ, ಕೀಟೋಪ್ರೊಫೆನ್ 2023ರಿಂದಲೂ ನಿಷಿದ್ಧ. ಈ ಔಷಧಿ ಪಡೆದು ಸತ್ತ ಪಶುವನ್ನು ತಿಂದ ರಣಹದ್ದುಗಳು ಸಾಯುತ್ತವೆ.

ಖರ್ಚಿನ ವಿಷಯ. ಈ ಮಿಷನ್‌ನಲ್ಲಿ 50+5 ಘಟಕಕ್ಕೆ ಬಂಡವಾಳದ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನವಿದೆ. ಗಬ್ಬದ ಕ್ರೇಟುಗಳ ಕಬ್ಬಿಣ ಉಳಿದರೆ ಆ ಹಣ ಹೆಚ್ಚುವರಿ ಛಾವಣಿಗೆ ಹೋಗುತ್ತದೆ. ಹುಲ್ಲಿಗೆ ಮತ್ತು ಗುಡಿಸುವ ಆಳಿಗೆ ಮಾತ್ರ ಪ್ರತಿ ತಿಂಗಳು ಹೆಚ್ಚು ಖರ್ಚಾಗುತ್ತದೆ, ಅದನ್ನು ಲೆಕ್ಕದಲ್ಲಿ ಮುಚ್ಚಿಡಬೇಡಿ. ಆ ಹುಲ್ಲು ಗೊಬ್ಬರವಾಗಿ ತೋಟಕ್ಕೆ ಹಿಂದಿರುಗುವುದನ್ನೂ ಬರೆಯಿರಿ. ಬದಲಿಸಿದ ನಕ್ಷೆಯನ್ನು ಅರ್ಜಿಗೆ ಮುನ್ನ ಹಾಸನದ ಪಶುವೈದ್ಯಕೀಯ ಕಾಲೇಜಿನವರಿಗೆ ತೋರಿಸಿ. ಮರಿ ಹಾಕುವ ಕೋಣೆಯ ಅಳತೆ ಮತ್ತು ಚರಂಡಿಯ ಇಳಿಜಾರು, ಈ ಎರಡನ್ನು ಅವರಿಂದ ಖಚಿತಪಡಿಸಿಕೊಳ್ಳಿ.